ಕನ್ನಡ ಬಾರದ ಕೊತ್ತಿ

ಕೊಳ್ಳೇಗಾಲದಲ್ಲಿ ಅದು ನನ್ನ ಮೊದಲ ಬೆಳಗು. ಮಹಡಿಯಿಂದ ಇಳಿದು ಬಾಗಿಲು ತೆಗೆದರೆ ಬೀದಿ ಇರಲಿಲ್ಲ. ಬೀದಿ ಇರಬೇಕಾದ ಜಾಗದಲ್ಲಿ, ನನ್ನ ಸೊಂಟದೆತ್ತರಕ್ಕೆ, ಗಿಳಿಹಸಿರು ಬಣ್ಣದ ಹೊಳೆಯೊಂದು ಆ ತುದಿಯಿಂದ ಈ ತುದಿಯವರೆಗೆ ಹರಡಿಕೊಂಡು ನಿಂತಿತ್ತು. ಮಂಜು ಇನ್ನೂ ಕರಗಿರಲಿಲ್ಲ. ಹೊಳೆಗೆ ಸದ್ದಿಲ್ಲ, ಅಲೆಯಿಲ್ಲ. ಗಾಳಿ ಬಂದಾಗ ಮಾತ್ರ ಮೈ ಝುಮ್ಮೆಂದಂತೆ ಒಮ್ಮೆ ನಡುಗುತ್ತಿತ್ತು. ಆಚೆ ದಡದಲ್ಲಿ ವಯಸ್ಸಾದ ಒಬ್ಬರು ಅಗಲವಾದ ಬ್ರಷ್ಷು ಹಿಡಿದು, ಮಗಳಿಗೆ ಜಡೆ ಬಾಚುವವರಂತೆ ಅದನ್ನು ಮೆಲ್ಲಗೆ ಬಾಚುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಬಗ್ಗಿ ಬನ್ನಿ ಮೇಡಮ್ಮು, ಬಗ್ಗಿ," ಎಂದರು ಅವರು ತಲೆಯೆತ್ತದೆ. "ಕೈ ತಾಕುಸ್ಬ್ಯಾಡಿ. ರೇಸ್ಮೆ."

ಅದು ಸೀರೆಯ ಹಾಸು. ನೇಯುವುದಕ್ಕೆ ಮೊದಲು ಉದ್ದದ ಎಳೆಗಳನ್ನು ಬೀದಿಗುಂಟ ಎಳೆದು ಕಟ್ಟಿ, ಗಂಜಿ ಬಳಿದು ಒಣಗಿಸುತ್ತಾರೆ. ಈಗ ಹಾಗೆ ಮಾಡುವ ಮನೆಗಳು ಊರಲ್ಲಿ ಕಡಿಮೆಯಾಗಿವೆ. ಉಳಿದವುಗಳಲ್ಲಿ ಒಂದು ನನ್ನ ಮನೆ ಮಾಲೀಕರಾದ ಸಿದ್ದಶೆಟ್ಟರದು, ಬಾಚುತ್ತಿದ್ದವರು ಅವರೇ. ಹೊಸ ಊರಿನ ಹೊಸ ಆಸ್ಪತ್ರೆಯ ಮೊದಲ ದಿನದ ಡ್ಯೂಟಿಗೆ ನಾನು ಹೋದದ್ದು ಹೀಗೆ: ಸೆರಗು ಬಿಗಿದುಕೊಂಡು, ಚೀಲವನ್ನು ಎದೆಗೆ ಅವಚಿಕೊಂಡು, ರೇಷ್ಮೆಯ ಹೊಳೆಯ ಅಡಿಯಲ್ಲಿ ಕುಕ್ಕರಗಾಲಿನಲ್ಲಿ ತೂರಿ. ಅಡಿಯಿಂದ ಕಂಡ ಬೆಳಕು ಹಸಿರಾಗಿತ್ತು. ಅಲ್ಲೇ ಸ್ವಲ್ಪ ಹೊತ್ತು ಕೂತಿರೋಣ ಅನ್ನಿಸಿದ್ದು ನಿಜ.

ನಮ್ಮ ಕಡೆಯ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಸರೋಜಾ, ಧಾರವಾಡದವಳು. ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ. ಹೆಸರು ದೊಡ್ಡದು, ಕೆಲಸವೆಂದರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆಯುವುದು, ಪೊರೆ ಬಂದವರನ್ನು ಗುರುತಿಸಿ ಆಪರೇಷನ್ನಿಗೆ ಕಳಿಸುವುದು. ನಲವತ್ತಮೂರು ವರ್ಷ ಒಂದೇ ಓಣಿಯಲ್ಲಿ, ಹುಟ್ಟಿದ ಮನೆಯಲ್ಲೇ, ಅಕ್ಕ ಶಾಂತಕ್ಕನ ಜೊತೆ, ಅವಳ ಮಕ್ಕಳ ಗದ್ದಲದ ನಡುವೆ ಇದ್ದವಳು. ಮದುವೆ ಆಗಲಿಲ್ಲ. ಬೇಕು ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ, ಆಗಲಿಲ್ಲ ಅಷ್ಟೇ. ಒಬ್ಬಳೇ ಒಂದು ಮನೆಯ ಬೀಗ ತೆಗೆದು ಒಳಗೆ ಹೋದದ್ದು ವರ್ಗಾವಣೆಯಾಗಿ ಇಲ್ಲಿಗೆ ಬಂದಾಗಲೇ ಮೊದಲು.

ಕನ್ನಡನಾಡಿನೊಳಗೇ ಬಂದಿದ್ದೇನೆ, ಭಾಷೆಯ ಕಷ್ಟವೇನು ಅಂದುಕೊಂಡಿದ್ದೆ. ಮಾಲೀಕರ ಹೆಂಡತಿ ಚೌಡಮ್ಮ ಮೊದಲ ಸಂಜೆ ಮೆಟ್ಟಿಲ ಕೆಳಗೆ ನಿಂತು, "ಇಟ್ಟು ಉಂಡ್ರಾ ಮೇಡಮ್ಮು?" ಎಂದು ಕೂಗಿದರು. ನಮ್ಮಲ್ಲಿ ಹಿಟ್ಟು ಎಂದರೆ ಡಬ್ಬಿಯಲ್ಲಿರುವ ಹಸಿ ಹಿಟ್ಟು. ಅದನ್ನು ಯಾರಾದರೂ ಉಣ್ಣುತ್ತಾರೆಯೇ? ಇಲ್ಲಿ ಹಿಟ್ಟು ಎಂದರೆ ರಾಗಿ ಮುದ್ದೆ. ನಮ್ಮ ಎಸರು ಅಕ್ಕಿ ಹಾಕುವ ಮುಂಚೆ ಕುದಿಯುವ ಬರೀ ನೀರು. ಇಲ್ಲಿಯ ಎಸರು ಮುದ್ದೆಗೆ ಹಾಕಿಕೊಳ್ಳುವ ಸಾರು. ನಾನು ಮಾತಿಗೊಮ್ಮೆ 'ರೀ' ಹಚ್ಚಿದರೆ ಅವರಿಗೆ ನಗು. ಅವರು ಎದುರಿಗಿದ್ದವರನ್ನೆಲ್ಲ 'ಕಣವ್ವ' ಎಂದು ಮಗಳ ಹಾಗೆ ಕರೆದರೆ ನನಗೆ ಅಕ್ಕ ನೆನಪಾಗುತ್ತಿದ್ದಳು. ಅಲ್ಲಿ ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಗುತ್ತಿತ್ತು. ಇಲ್ಲಿ ಕೆಳಗಿನ ಮಗ್ಗದ ಸಪ್ಪಳಕ್ಕೆ. ಎರಡೂ ಬಡಿತವೇ. ಅರೆನಿದ್ದೆಯಲ್ಲಿ ಒಂದನ್ನು ಇನ್ನೊಂದೆಂದುಕೊಂಡು, ಅಕ್ಕ ಎದ್ದಳು ಎಂದು ಎಷ್ಟೋ ದಿನ ಹಾಸಿಗೆಯಲ್ಲೇ ಸುಖವಾಗಿ ಬಿದ್ದುಕೊಂಡಿದ್ದೇನೆ.

ದಿನವಿಡೀ ಜನರ ಮುಖಕ್ಕೆ ಮುಖ ಕೊಟ್ಟು ಕೂರುವ ಕೆಲಸ ನನ್ನದು. ನಾಲ್ಕು ಬೆರಳ ದೂರದಿಂದ ಅವರ ಕಣ್ಣೊಳಗೆ ಇಣುಕುತ್ತೇನೆ. ಹಾಗಿದ್ದೂ ಸಂಜೆ ಮಹಡಿಗೆ ಬಂದರೆ ನನ್ನನ್ನು ನೋಡುವವರು ಒಬ್ಬರೂ ಇರಲಿಲ್ಲ. ಒಂದು ದಿನ ಹಾಲು ಉಕ್ಕಿದಾಗ, "ಅಯ್ಯ, ಹೋತಲ್ಲ!" ಎಂದೆ. ಉತ್ತರಕ್ಕಾಗಿ ಕಾಯುತ್ತಿದ್ದೇನೆ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಹೀಗಿರುವಾಗ ಮಾಂಬಳ್ಳಿಯಿಂದ ಮಹದೇವಪ್ಪ ಎಂಬುವರು ಕನ್ನಡಕ ಬದಲಿಸಲು ಬಂದರು. ಹಣೆಯ ತುಂಬ ವಿಭೂತಿ, ಅಂಗಿಯ ತೋಳಿನ ತುಂಬ ಉಗುರಿನ ಗೀರು. ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ನಂಬರು ಬರೆದುಕೊಟ್ಟೆ. ಅವರು ಏಳಲಿಲ್ಲ.

"ನನ್ ಕಣ್ಣಿರ್ಲಿ ಬುಡಿ ಮೇಡಂ. ನಮ್ ತಾವು ಒಂದ್ ಕೊತ್ತಿ ಅದೆ. ಅದರ ಎಡಗಣ್ಣು ಒಂದ್ಸಲ ನೋಡ್ತೀರಾ?"

ನನಗೆ ಕೊತ್ತಂಬರಿ ಒಂದೇ ಗೊತ್ತಿತ್ತು. ನನ್ನ ಮುಖ ನೋಡಿ ಅವರೇ, "ಬೆಕ್ಕು, ಬೆಕ್ಕು," ಎಂದು ನಕ್ಕರು. ನಾನು ಮನುಷ್ಯರ ಕಣ್ಣು ನೋಡುವವಳು, ಪ್ರಾಣಿಗಳ ಡಾಕ್ಟರು ಬೇರೆ ಇದ್ದಾರಲ್ಲ ಎಂದೆ.

"ಅವರೂ ನೋಡವ್ರೆ. ಮುಲಾಮು ಕೊಟ್ಟವ್ರೆ. ಆದ್ರೆ ಮುಲಾಮು ಹಾಕ್ಬೇಕಲ್ಲ, ಅದು ಯಾರ್ ಕೈಗೂ ಬರಲ್ಲ ಕಣ್ರಿ. ನಿಮ್ ಕೈ ನೋಡ್ದೆ. ಕಣ್ಣತ್ರ ತಂದ್ರೂ ರೆಪ್ಪೆ ಬಡೀಲಿಲ್ಲ ನಾನು. ಅದ್ಕೆ ಕೇಳ್ದೆ."

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನನ್ನ ಕೈ ನೋಡಿ ಯಾರೂ ಹಾಗೆ ಹೇಳಿರಲಿಲ್ಲ. ಭಾನುವಾರ ಯಳಂದೂರಿನ ಬಸ್ಸು ಹತ್ತಿದೆ.

ಮಾಂಬಳ್ಳಿಯ ಹೊರಗೆ ಗದ್ದೆಗಳ ನಡುವೆ ಒಂದು ಉದ್ದನೆಯ ಹೆಂಚಿನ ಮನೆ. ಮೊದಲು ಅದು ಹುಳದ ಮನೆಯಂತೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ. ಮಹದೇವಪ್ಪನವರು ಹುಳು ಸಾಕುವುದನ್ನು ನಿಲ್ಲಿಸಿದ ಮೇಲೆ, ರಸ್ತೆಯಲ್ಲಿ ಏಟು ತಿಂದ, ಯಾರಿಗೂ ಬೇಡವಾದ ನಾಯಿ ಬೆಕ್ಕುಗಳನ್ನು ತಂದಿಟ್ಟುಕೊಂಡು ಅದನ್ನೇ ಆಸರೆ ಮನೆ ಮಾಡಿದ್ದಾರೆ. ನಾಯಿಗಳಿಗೆ ಹಿತ್ತಿಲು, ಬೆಕ್ಕುಗಳಿಗೆ ಒಳಮನೆ. ಒಳಗೆ ಕಾಲಿಟ್ಟಾಗ ಕಂಡದ್ದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಹುಳದ ತಟ್ಟೆಗಳನ್ನು ಇಡುತ್ತಿದ್ದ ಬಿದಿರಿನ ಅಟ್ಟಣೆ ಗೋಡೆಯುದ್ದಕ್ಕೂ ಹಾಗೇ ಇದೆ. ಒಂದೊಂದು ಅಂತಸ್ತಿನಲ್ಲೂ ಬೆಕ್ಕುಗಳು, ಬಿಳಿ, ಬೂದಿ, ಕಂದು, ಸುರುಳಿ ಸುತ್ತಿಕೊಂಡು ಮಲಗಿವೆ. ಹೆಂಚಿನ ಸಂದಿಯ ಬಿಸಿಲು ಅವುಗಳ ಮೇಲೆ ಬಿದ್ದು ಮೆಲ್ಲಗೆ ಉಸಿರಾಡುತ್ತಿತ್ತು. ಗೂಡು ಕಟ್ಟಲು ಹೊರಟ ಹುಳುಗಳು ಮನಸ್ಸು ಬದಲಿಸಿ ಬೆಕ್ಕುಗಳಾದವೇನೋ ಎನ್ನಿಸಿತು.

ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿತ್ತು ಆ ಹೆಣ್ಣು ಬೆಕ್ಕು. ಹೊಗೆಯ ಬಣ್ಣ, ದಟ್ಟ ಕೂದಲು. ಕುತ್ತಿಗೆಯಲ್ಲಿ ಒಂದು ಮಾಸಿದ ಕೆಂಪು ದಾರ, ಅದಕ್ಕೆ ಬಿಗಿಯಾದ ಒಂದು ಗಂಟು.

"ಅಜ್ಜೀಪುರದಲ್ಲಿ ಜೋಳದ ಲೋಡು ಇಳಿಸೋವಾಗ ಮೂಟೆ ಸಂದೀಲಿ ಸಿಕ್ತು," ಎಂದರು ಮಹದೇವಪ್ಪ. "ಕಣ್ಗೆ ಏಟಾಗಿತ್ತು. ಟೀ ಅಂಗಡಿ ಹೆಂಗಸು ಫೋನ್ ಮಾಡುದ್ಲು, ಓಗಿ ತಕಂಡ್ ಬಂದೆ. ಯಾವೂರ್ದೋ, ಯಾರ್ದೋ. ಆ ದಾರ ಯಾರೋ ಮಾದಪ್ಪನ ಬೆಟ್ಟದಲ್ಲಿ ಕಟ್ಟುಸ್ಕಂಡ್ ಬಂದಿರ್ಬೇಕು ಅಂತ ಬಿಚ್ಚಿಲ್ಲ. ಎರಡ್ ತಿಂಗ್ಳಾಯ್ತು. ಎಂಗ್ ಕರುದ್ರೂ ತಿರುಗಿ ನೋಡಲ್ಲ. ಕಿವಿ ಕೇಳಲ್ವೇನೋ ಅಂದ್ಕಂಡೆ, ಆದ್ರೆ ತಟ್ಟೆ ಸದ್ದಿಗೆ ಕಿವಿ ನಿಮುರ್ತದೆ."

ನಾನು ನೆಲದ ಮೇಲೆ ಕೂತೆ. ರೋಗಿಗಳ ಹತ್ತಿರ ಕೂರುವ ಹಾಗೆಯೇ, ಅವಸರ ಮಾಡದೆ. ಬಹಳ ಹೊತ್ತಾದ ಮೇಲೆ ಅದು ಮುಖ ತಿರುಗಿಸಿತು. ಬಲಗಣ್ಣು ಜೇನಿನ ಬಣ್ಣ. ಎಡಗಣ್ಣಿನ ಮೇಲೆ ಮಂಜು ಕವಿದಂತೆ ಬಿಳಿ ಕಲೆ. ಗದ್ದ ಹಿಡಿದು ಮುಲಾಮು ಹಾಕಿದೆ. ಅದು ಕದಲಲಿಲ್ಲ. ನನ್ನನ್ನು ನೋಡಿತು. ಎರಡು ತಿಂಗಳಿಂದ ಯಾರನ್ನೂ ನೋಡದ ಅದು ನನ್ನನ್ನು ನೋಡಿತು ಎಂದು ನಾನು ಹೆಮ್ಮೆಪಟ್ಟುಕೊಂಡೆ. ಬಸ್ಸಿಗೆ ಹೋಗುವ ಮುಂಚೆಯೇ ಕೇಳಿದೆ: "ಇದನ್ನ ನಾ ಒಯ್ಯಲೇನ್ರಿ?"

ಅದು ಅಷ್ಟು ಸುಲಭವಿರಲಿಲ್ಲ. ಮಹದೇವಪ್ಪನವರು ನನ್ನ ಮನೆ ನೋಡದೆ ಕೊಡುವವರಲ್ಲ. ಮರಿಯಾಗದಂತೆ ಆಪರೇಷನ್ ಆಗಿದೆ, ಚುಚ್ಚುಮದ್ದು ಆಗಿದೆ ಎಂಬ ಕಾರ್ಡು ತೋರಿಸಿ, ಬೇಡವಾದರೆ ಬೀದಿಗೆ ಬಿಡುವುದಿಲ್ಲ, ಇಲ್ಲಿಗೇ ತಂದು ಒಪ್ಪಿಸುತ್ತೇನೆ ಎಂದು ಬರೆಸಿಕೊಂಡರು. ಅದಕ್ಕಿಂತ ಕಠಿಣವಾದದ್ದು ಚೌಡಮ್ಮನ ಒಪ್ಪಿಗೆ.

"ಕೊತ್ತಿಯಾ? ಬ್ಯಾಡ ಕಣವ್ವ, ಬ್ಯಾಡ," ಎಂದರು ಅವರು ಎರಡೂ ಕೈ ಆಡಿಸಿ. "ಮಗ್ಗದ ಮನೆಗೂ ಕೊತ್ತಿಗೂ ಆಗ್ಬರಲ್ಲ. ಒಂದ್ ಉಗುರು ಹಾಕುದ್ರೆ ಸಾಕು, ಹಾಸೆಲ್ಲ ಹಾಳು. ನಮ್ಮೆಜಮಾನ್ರ ಒಂದ್ ತಿಂಗ್ಳ ಬೆನ್ನುನೋವು ಮಣ್ಗೋಯ್ತದೆ."

ಅವರ ಮಾತು ನ್ಯಾಯವಾಗಿತ್ತು. ನಾನು ವಾದಿಸಲಿಲ್ಲ. ಎರಡು ದಿನ ಸುಮ್ಮನೆ ಹೋಗಿ ಬಂದು ಮಾಡಿದೆ. ಮೂರನೆಯ ದಿನ ಅವರೇ ಮಹಡಿಗೆ ಬಂದು, ನನ್ನ ಒಂದೇ ತಟ್ಟೆ, ಒಂದೇ ಲೋಟ, ಗೋಡೆಗೆ ಒರಗಿಸಿದ ಒಂದೇ ಕುರ್ಚಿಯನ್ನು ನೋಡುತ್ತ ನಿಂತರು. "ಕೆಳಕ್ಕೆ ಇಳೀದಂಗೆ ನೋಡ್ಕತೀರಾ?" ಎಂದರು. ಹೂಂ ಅಂದೆ. "ಇಳುದ್ರೆ ಅವತ್ತೇ ವಾಪಸ್," ಎಂದು ಬೆರಳು ತೋರಿಸಿ ಇಳಿದು ಹೋದರು.

ಮುಚ್ಚಳದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಕಂಡಕ್ಟರು, "ಏನಮ್ಮ, ಕೋಳಿಯಾ?" ಎಂದರು. ಕೊತ್ತಿ ಎಂದೆ. ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಪಕ್ಕದ ಅಜ್ಜಿ, "ಅಡ್ಡ ಬಂದ್ರೆ ಕೆಟ್ಟದು ಅಂತಾರೆ. ಜೊತೇಲೇ ಕೂತ್ಕಂಡ್ ಬಂದ್ರೆ ಏನೋ, ನಂಗೊತ್ತಿಲ್ಲಪ್ಪ," ಎಂದು ಮುಚ್ಚಳದ ಸಂದಿಯಲ್ಲಿ ಇಣುಕಿದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಈ ಊರಿನ ಜನರ ಜೊತೆ ಕೂಡಿ ನಕ್ಕದ್ದೂ ಅದೇ ಮೊದಲು.

ಬಂದ ಬೆಕ್ಕು ಮೂರು ದಿನ ಏನೂ ತಿನ್ನಲಿಲ್ಲ. ಹಾಲನ್ನ ಕೊಟ್ಟೆ, ಮೊಸರನ್ನ ಕೊಟ್ಟೆ, ಮೊಟ್ಟೆ ಕೊಟ್ಟೆ. ಮೂಸಿ ನೋಡಿ ಕಿಟಕಿಗೆ ಹೋಗಿ ಕೂರುತ್ತಿತ್ತು. ಮುಲಾಮು ಹಾಕಲು ಮಾತ್ರ ಬಿಡುತ್ತಿತ್ತು. ನಾಲ್ಕನೆಯ ದಿನ ಚೌಡಮ್ಮ ನನಗೆಂದು ಕೊಟ್ಟ ಮುದ್ದೆ ತಟ್ಟೆಯಲ್ಲಿತ್ತು, ಮೇಲೆ ಒಂದು ಉಂಡೆ ಬೆಣ್ಣೆ. ನನಗಿನ್ನೂ ಮುದ್ದೆ ನುಂಗುವುದು ಬಂದಿರಲಿಲ್ಲ. ರೊಟ್ಟಿಯಂತೆ ಅಗಿಯುತ್ತಿದ್ದೆ, ಅದು ಹಲ್ಲಿಗೆ ಅಂಟುತ್ತಿತ್ತು. ನೀರು ತರಲು ಎದ್ದು ಹೋಗಿ ಬರುವಷ್ಟರಲ್ಲಿ ಬೆಕ್ಕು ತಟ್ಟೆಯ ಮುಂದೆ ಕೂತು, ಕಣ್ಣು ಮುಚ್ಚಿ, ಬೆಣ್ಣೆ ಮುದ್ದೆ ತಿನ್ನುತ್ತಿತ್ತು. ಆ ಬೆಕ್ಕಿನ ನಂಟಿನಿಂದ ನಾನೂ ಮುದ್ದೆ ಉಣ್ಣಲು ಕಲಿತೆ. ಒಂದು ತಟ್ಟೆಯ ಅಂಚಿನಲ್ಲಿ ಅದಕ್ಕೆ, ಉಳಿದದ್ದು ನನಗೆ.

ಆದರೂ ಕರೆದರೆ ಬರುತ್ತಿರಲಿಲ್ಲ. ಬಾ ಅಂದೆ, ಬಾರವಾ ಅಂದೆ, ಬಾ ಕಣೆ ಅಂದೆ. ಕಿವಿ ಒಂದಿಷ್ಟು ಅಲ್ಲಾಡುತ್ತಿತ್ತು. ಅದಕ್ಕೆ ಬೇಕಾದ ಮಾತು ನನ್ನ ಹತ್ತಿರ ಇರಲಿಲ್ಲ.

ಒಂದು ಮುಂಜಾನೆ ನಾನು ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಕೆಳಗೆ ಇಳಿದಾಗ ಬೀದಿಯಲ್ಲಿ ಕುಂಕುಮ ಬಣ್ಣದ ಹಾಸು ಎಳೆದಿತ್ತು. ಸಿದ್ದಶೆಟ್ಟರು ಬ್ರಷ್ಷು ಹಿಡಿದವರು ಹಾಗೇ ನಿಂತಿದ್ದರು. ಚೌಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಹಾಸಿನ ಅಡಿಯಲ್ಲಿ ನನ್ನ ಬೆಕ್ಕು. ತಲೆಯ ಮೇಲೆ ಒಂದೇ ನೆಗೆತದ ದೂರದಲ್ಲಿ ಸಾವಿರ ಎಳೆ ಗಾಳಿಗೆ ತೂಗುತ್ತಿವೆ. ಅದು ಬಾಲವನ್ನು ಕೂಡ ನೆಲಕ್ಕೆ ಇಳಿಸಿಕೊಂಡು, ಕೆಂಪು ಬೆಳಕಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬೀದಿಯ ಉದ್ದಕ್ಕೂ ನಡೆಯಿತು. ಯಾರೂ ಉಸಿರು ಬಿಡಲಿಲ್ಲ. ಆ ತುದಿಗೆ ಹೋಗಿ ಹೊರಬಂದು, ಮೈ ಕೊಡವಿ, ಚೌಡಮ್ಮನ ಹೊಸ್ತಿಲಲ್ಲಿ ಕೂತುಕೊಂಡಿತು.

"ಥೂ, ಜೀವ ಓಗಿತ್ತು," ಎಂದರು ಚೌಡಮ್ಮ. ನಾನು ಬುಟ್ಟಿ ತರುತ್ತೇನೆ, ಇವತ್ತೇ ಮಾಂಬಳ್ಳಿಗೆ ಬಿಟ್ಟು ಬರುತ್ತೇನೆ ಎಂದೆ. ಸಿದ್ದಶೆಟ್ಟರು ಮತ್ತೆ ಬಾಚಲು ಶುರು ಮಾಡಿದ್ದರು. "ಬುಡವ್ವ," ಎಂದರು. "ನಮ್ ಬೀದಿ ಐಕ್ಳು ಮಕ್ಳಿಗಿಂತ ನಾಜೂಕಾಗಿ ಓಯ್ತು." ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಹನೂರಿನಲ್ಲಿ ಕಣ್ಣಿನ ಶಿಬಿರ. ಸಾಲಿನಲ್ಲಿ ಬಂದವರಲ್ಲಿ ತೆನ್ಜಿನ್ ಎಂಬುವರು ಒಬ್ಬರು. ನಲವತ್ತರ ಆಸುಪಾಸಿನ ಗಂಡಸು, ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನವರು. ಕಣ್ಣಿಗೆ ಟಾರ್ಚು ಹಿಡಿಯಲು ಬಗ್ಗಿದಾಗ ಅವರ ಕುತ್ತಿಗೆಯಲ್ಲಿ ಕೆಂಪು ದಾರ ಕಂಡಿತು. ಅದೇ ದಾರ, ಅದೇ ಗಂಟು. ಕೇಳಿದರೆ, ಲಾಮಾಗಳು ಮಂತ್ರ ಹೇಳಿ ಕಟ್ಟುವ ರಕ್ಷೆ ಎಂದರು. ನಾನು ಟಾರ್ಚು ಆರಿಸಿದೆ.

"ನಿಮ್ಮ ಭಾಷೇಲಿ ಬೆಕ್ಕಿಗೆ ಏನಂತಾರೆ?" ಎಂದೆ.

"ಶಿಮಿ. ಕರೀಬೇಕಾದ್ರೆ 'ಶಿಮಿ, ಶೋ' ಅಂತೀವಿ. ಶೋ ಅಂದ್ರೆ ಬಾ ಅಂತ. ಯಾಕೆ ಮೇಡಂ? ಬೆಕ್ಕು ಸಿಕ್ತಾ ನಿಮ್ಗೆ?" ಎಂದು ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ನಮ್ಮ ಅತ್ತೆಯ ಬೆಕ್ಕು ಕಳೆದೋಗಿದೆ, ಜೋಳ ಲೋಡ್ ಮಾಡಿದ ದಿನ. ಬೂದಿ ಬಣ್ಣ. ಅವರಿಗೆ ಕಣ್ಣು ಕಾಣಲ್ಲ, ದಿನಾ ಬಾಗಿಲಲ್ಲಿ ಕೂತು ಕರೀತಾರೆ."

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. "ಇಲ್ಲ, ಸುಮ್ಮನೆ ಕೇಳಿದೆ," ಎಂದೆ. ಮುಂದಿನ ಹೆಸರು ಕೂಗಿದೆ.

ಮನೆಗೆ ಬಂದು ಬಾಗಿಲು ಹಾಕಿ, ನೆಲದ ಮೇಲೆ ಕೂತು, ಮೆಲ್ಲಗೆ, "ಶಿಮಿ, ಶೋ," ಎಂದೆ. ಕಿಟಕಿಯಲ್ಲಿ ಕೂತಿದ್ದ ಬೆಕ್ಕು ತಟ್ಟನೆ ತಿರುಗಿತು. ಎದ್ದು ಬಂತು. ಓಡಲಿಲ್ಲ, ನೀರಿನಲ್ಲಿ ನಡೆದು ಬರುವಂತೆ ನಿಧಾನವಾಗಿ ಬಂದು ನನ್ನ ಮೊಣಕಾಲಿಗೆ ಹಣೆ ಒತ್ತಿ ನಿಂತಿತು. ಎಷ್ಟು ದಿನದಿಂದ ಬಯಸಿದ್ದೆ ಇದನ್ನು! ಆದರೆ ಅದು ಬಂದದ್ದು ನನ್ನ ಕರೆಗಲ್ಲ. ಯಾರದೋ ಬಾಗಿಲಲ್ಲಿ ಕೂತು ಯಾರೋ ಕರೆಯುತ್ತಿದ್ದ ಕರೆಯನ್ನು ನಾನು ಕದ್ದು ತಂದಿದ್ದೆ.

ಮೂರು ವಾರ ಹಾಗೇ ಕಳೆದೆ. ದಿನವೂ ಕರೆಯುತ್ತಿದ್ದೆ, ಅದು ಬರುತ್ತಿತ್ತು, ತೊಡೆಯ ಮೇಲೆ ಮಲಗುತ್ತಿತ್ತು. ಸುಖವೆಂದರೆ ಸುಖವೇ. ಆದರೆ ಆಸ್ಪತ್ರೆಯಲ್ಲಿ ಪೊರೆ ಬಂದ ಮುದುಕಿಯರು ಎದುರು ಕೂತು, ಬೆಳಕು ಯಾವ ಕಡೆ ಎಂದು ಮುಖವನ್ನು ಅತ್ತಿತ್ತ ಆಡಿಸುವಾಗ ನನಗೆ ಅವರನ್ನು ನೇರ ನೋಡಲಾಗುತ್ತಿರಲಿಲ್ಲ. ಫೋನಿನಲ್ಲಿ ಅಕ್ಕನಿಗೆ ಹೇಳಿಕೊಂಡೆ. ಅವಳು ಬೈಯಲಿಲ್ಲ. "ನೀ ಏನ್ ಮಾಡ್ಬೇಕಂತ ನಿನಗ ಗೊತ್ತೈತಿ, ಅದಕ್ಕ ಫೋನ್ ಹಚ್ಚೀದಿ," ಎಂದಳು ಅಷ್ಟೇ.

ಮಹದೇವಪ್ಪನವರಿಗೂ ತಿಳಿಸಿ, ಆ ಭಾನುವಾರ ಬುಟ್ಟಿ ಹಿಡಿದು ಒಡೆಯರಪಾಳ್ಯದ ಬಸ್ಸು ಹತ್ತಿದೆ. ಬಯಲು ಮುಗಿದು ಕಾಡಿನ ಅಂಚು ಶುರುವಾದಂತೆ ಬೆಳಕೇ ಬೇರೆಯಾಯಿತು. ಜೋಳದ ಹೊಲಗಳು, ಅವುಗಳ ಹಿಂದೆ ನೀಲಿ ಬೆಟ್ಟಗಳು. ಕ್ಯಾಂಪಿನಲ್ಲಿ ಇಳಿದರೆ ಮನೆಗಳ ಮೇಲೆ ಬಣ್ಣಬಣ್ಣದ ಬಟ್ಟೆಯ ಬಾವುಟಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಬುಟ್ಟಿಯೊಳಗಿನ ಬೆಕ್ಕು ಅದನ್ನು ಕೇಳಿದ್ದೇ, ನನ್ನ ಮನೆಯಲ್ಲಿ ಒಮ್ಮೆಯೂ ಕೂಗದಿದ್ದದ್ದು, ಉದ್ದಕ್ಕೆ ಕೂಗಿತು.

ತೆನ್ಜಿನ್ ಬಾಗಿಲಲ್ಲಿದ್ದರು. ನನ್ನನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಪಕ್ಕಕ್ಕೆ ಸರಿದರು. ಒಳಗೆ ಕಿಟಕಿಯ ಬಿಸಿಲಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಬೆಳ್ಳಗಿನ ಎರಡು ಜಡೆ, ಕಣ್ಣುಗಳಲ್ಲಿ ಹಾಲಿನಂಥ ಪೊರೆ. ಪೆಮಾ ಎಂದು ಹೆಸರು. ಹೇಗೆ ಮಾತಾಡಲಿ, ಇವರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ನಾನು ತಡವರಿಸುತ್ತ ನಿಂತಿದ್ದೆ.

"ಬಾರವಾ, ಒಳಗ ಬಾ. ಯಾಕ ಬಾಗಲದಾಗ ನಿಂತಿ?" ಎಂದರು ಅಜ್ಜಿ.

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಮಾತಾಡಿದರೇ ಎಂದು. ನನ್ನ ಓಣಿಯ ಕನ್ನಡ! ಹನೂರಿನ ಕಾಡಿನ ಅಂಚಿನಲ್ಲಿ, ಟಿಬೆಟಿನ ಅಜ್ಜಿಯ ಬಾಯಲ್ಲಿ.

"ನೀವು ನಮ್ಮ ಕಡೆ ಮಾತಾಡ್ತೀರಲ್ರಿ ಆಯಿ!" ಎಂದೆ. ಒಬ್ಬ ಅಜ್ಜಿಯನ್ನು ಆಯಿ ಎಂದು ಕರೆದು ಎಷ್ಟು ತಿಂಗಳಾಗಿತ್ತು.

"ಮೂವತ್ತು ಚಳಿಗಾಲ ಹುಬ್ಬಳ್ಳಿ, ಧಾರವಾಡದಾಗ ಸ್ವೆಟರ್ ಮಾರೇನಿ. ಅಲ್ಲೇ ಕಲ್ತೆ. ಇಲ್ಲಿ ಮಂದಿ ನನ್ನ ಕನ್ನಡಕ್ಕ ನಗ್ತಾರ," ಎಂದು ಅವರೂ ನಕ್ಕರು.

"ನನ್ನ ಕನ್ನಡಕ್ಕೂ ನಗ್ತಾರ್ರಿ," ಎಂದೆ.

ನಿಮಗೂ ನೆನಪಿರಬೇಕು. ಚಳಿಗಾಲ ಬಂತೆಂದರೆ ರಸ್ತೆಬದಿಯಲ್ಲಿ ಹಗ್ಗ ಕಟ್ಟಿ ಸ್ವೆಟರ್ ತೂಗುಹಾಕಿ ಕೂರುತ್ತಿದ್ದ ಹೆಂಗಸರು. ನಾವು ಅವರ ಊರು ಯಾವುದು ಎಂದು ಒಂದು ದಿನವೂ ಕೇಳಲಿಲ್ಲ. ನೇಪಾಳದವರು ಎಂದುಕೊಂಡಿದ್ದೆವು, ಬಟ್ಟೆ ಎಳೆದು ನೋಡುತ್ತಿದ್ದೆವು, ಹೋಗುತ್ತಿದ್ದೆವು. ಅವರು ನಮ್ಮ ಮಾತನ್ನೇ ಕಲಿತು ಮನೆಗೆ ಒಯ್ದಿದ್ದರು.

ಬುಟ್ಟಿಯ ಮುಚ್ಚಳ ತೆಗೆದೆ. ಬೆಕ್ಕು ಇಳಿದು ಹೋಗಿ ಅಜ್ಜಿಯ ತೊಡೆ ಏರಿತು. ಅವರು ಕೈಯಿಂದ ಅದರ ಬೆನ್ನು, ಕಿವಿ, ಬಾಲ, ಕೊರಳ ಗಂಟು ಎಲ್ಲವನ್ನೂ ಸವರಿದರು. ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ಬೆಕ್ಕು ಕಣ್ಣು ಮುಚ್ಚಿತು. ಹುರಿದ ಜವೆಗೋಧಿ ಹಿಟ್ಟಿಗೆ ಬೆಣ್ಣೆ ಕಲಸಿ ಉಂಡೆ ಮಾಡಿ ಅದಕ್ಕೆ ತಿನ್ನಿಸುತ್ತಿದ್ದರಂತೆ. ಮುದ್ದೆಗೆ ಅದು ಸೋತದ್ದು ಯಾಕೆಂದು ಆಗ ತಿಳಿಯಿತು.

"ಆಯಿ," ಎಂದೆ. "ಇದು ನಿಮ್ಮ ಬೆಕ್ಕು ಅಂತ ನನಗ ಮೂರು ವಾರದ ಹಿಂದನ ಗೊತ್ತಿತ್ತು. ಹೇಳಲಿಲ್ಲ."

ಅಜ್ಜಿ ನನ್ನ ದನಿ ಇದ್ದ ಕಡೆ ಮುಖ ತಿರುಗಿಸಿದರು.

"ಹೇಳಲಿಲ್ಲ," ಎಂದರು. "ಆದ್ರ ಬಂದಿ."

ಬೆಕ್ಕನ್ನು ಬಿಟ್ಟು, ಖಾಲಿ ಬುಟ್ಟಿ ಹಿಡಿದು ಹೊರಟೆ. ಹೊರಡುವ ಮುಂಚೆ, ಅಭ್ಯಾಸದಂತೆ, ಅವರ ಕಣ್ಣಿಗೆ ಟಾರ್ಚು ಹಾಕಿ ನೋಡಿದೆ. ಎರಡೂ ಪೊರೆ ಬಲಿತಿದ್ದವು, ತೆಗೆಸಿದರೆ ಕಾಣುತ್ತದೆ ಎಂದೆ. ಆಪರೇಷನ್ನಿಗೆ ಅವರು ವರ್ಷಗಳಿಂದ ಹೆದರಿ ಕೂತಿದ್ದರಂತೆ. "ನೀ ಇರ್ತೀಯೇನು ಅಲ್ಲಿ?" ಎಂದು ಕೇಳಿದರು. ಇರುತ್ತೇನೆ ಎಂದೆ.

ಕೊಳ್ಳೇಗಾಲದಲ್ಲಿ ಚೌಡಮ್ಮ ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು. "ಬಾ, ಇಟ್ಟುಣ್ಣು," ಎಂದು ಅಡುಗೆಮನೆಗೆ ಕರೆದು ಕೂರಿಸಿದರು. ಆ ಸಂಜೆ ಅವರ ಮನೆಯಲ್ಲೇ ಉಂಡೆ. ಯಾರೂ ಬೆಕ್ಕಿನ ಮಾತೆತ್ತಲಿಲ್ಲ. ಸಿದ್ದಶೆಟ್ಟರು ಮಾತ್ರ ಕೈ ತೊಳೆಯುವಾಗ ಹೊಸ್ತಿಲ ಕಡೆ ಒಮ್ಮೆ ನೋಡಿದರು.

ಒಂದು ತಿಂಗಳಲ್ಲಿ ಪೆಮಾ ಆಯಿ ಬಂದರು. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಎರಡು ಸಲವೂ ನಾನು ಪಕ್ಕದಲ್ಲಿದ್ದೆ. ಎರಡು ಸಲವೂ ಔಷಧಿ ಹಾಕುವ ದಿನಗಳು ಮುಗಿಯುವವರೆಗೆ ನನ್ನ ಮಹಡಿಯಲ್ಲೇ ಇದ್ದರು, ಬೆಕ್ಕಿನ ಸಮೇತ. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಅವರು ಮೊದಲು ನೋಡಿದ್ದು ತೊಡೆಯ ಮೇಲಿದ್ದ ಬೆಕ್ಕನ್ನು. ಬಹಳ ಹೊತ್ತು ನೋಡಿ, "ಇದಕ್ಕೂ ಒಂದ ಕಣ್ಣು ಮಬ್ಬಾ? ಪಾಪ, ನನಗ ಗೊತ್ತಽ ಇರಲಿಲ್ಲ," ಎಂದರು. ಆಮೇಲೆ ನನ್ನನ್ನು ನೋಡಿದರು. "ನೀ ಇಷ್ಟ ಸಣ್ಣಾಕೀನಾ! ದನಿ ಕೇಳಿ ದೊಡ್ಡ ಹೆಂಗಸು ಅಂದ್ಕೊಂಡಿದ್ದೆ." ಆಮೇಲೆ ಕಿಟಕಿಗೆ ಹೋದರು. ಬೀದಿಯಲ್ಲಿ ಹಳದಿ ಹಾಸು ಎಳೆದಿತ್ತು. ಕಿಟಕಿಯ ಸರಳು ಹಿಡಿದು ನಿಂತೇ ಇದ್ದರು.

ಕಣ್ಣು ಬಂದ ಮೇಲೆ ಅವರು ಮನೆಯಲ್ಲಿ ಕೂರುವವರಲ್ಲ. ಚಳಿಗಾಲದ ವ್ಯಾಪಾರಕ್ಕೆ ತೆನ್ಜಿನ್ ಮತ್ತು ಅವರ ಹೆಂಡತಿ ಹುಬ್ಬಳ್ಳಿ ಕಡೆ ಹೊರಟಾಗ, ಈ ಸಲ ನಾನೂ ಬರುತ್ತೇನೆ ಎಂದು ಹಟ ಹಿಡಿದರು. ಮನೆಗೆ ಬೀಗ. ಬೆಕ್ಕು? ಅವರು ಬಸ್ಸಿನಲ್ಲಿ ಅದನ್ನು ಹೊತ್ತು ತಂದು ನನ್ನ ಕೈಗೆ ಕೊಟ್ಟರು. "ಸಂಕ್ರಾಂತಿ ಮುಗಿಯೂ ತನಕ ನಿನ್ನದು. ಆಮ್ಯಾಲ ನಂದು. ವರ್ಷಾ ಹಿಂಗ ಮಾಡೋಣು," ಎಂದರು. ನಾನು ಅವರಿಗೆ ಅಕ್ಕನ ವಿಳಾಸ ಬರೆದುಕೊಟ್ಟೆ.

ಆಸರೆ ಮನೆಯ ಪುಸ್ತಕದಲ್ಲಿ ಬೆಕ್ಕಿನ ಮುಂದೆ ಯಾರ ಹೆಸರು ಬರೆಯಲಿ ಎಂದು ಮಹದೇವಪ್ಪ ತಲೆ ಕೆರೆದುಕೊಂಡರು. ಎರಡೂ ಬರೆಯಿರಿ ಎಂದೆ. "ಇಂಗೂ ಉಂಟಾ?" ಎನ್ನುತ್ತ ಬರೆದರು.

ಮೊನ್ನೆ ಭಾನುವಾರ ಮಧ್ಯಾಹ್ನ ಅಕ್ಕನ ಫೋನು ಬಂತು. ಬೆಕ್ಕು ನನ್ನ ಕಾಲ ಮೇಲಿತ್ತು. ಅಕ್ಕನ ದನಿಯ ಹಿಂದೆ ಇನ್ನೊಂದು ದನಿ.

"ನಿಮ್ಮನಿ ಕಟ್ಟಿ ಮ್ಯಾಲ ಕುಂತೇನವ್ವ," ಎಂದರು ಪೆಮಾ ಆಯಿ. "ನಿಮ್ಮಕ್ಕ ರೊಟ್ಟಿ, ಬದನಿಕಾಯಿ ಪಲ್ಯ ಹಾಕಿದ್ಲು. ಬಿಸಲು ಛಲೋ ಐತಿ. ಎದುರಿನ ಮನಿ ದಾಸವಾಳ ಹೂ ಬಿಟ್ಟೈತಿ."

ನಾನು ಹುಟ್ಟಿದ ಮನೆಯ ಕಟ್ಟೆಯ ಬಿಸಿಲನ್ನು ಅವರು ಅಲ್ಲಿ ಕೂತು ಕಾಯಿಸಿಕೊಳ್ಳುತ್ತಿದ್ದರು. ನಾನು ಇಲ್ಲಿ ಅವರ ಬೆಕ್ಕಿನ ಬಿಸಿ ಕಾಯಿಸಿಕೊಳ್ಳುತ್ತಿದ್ದೆ. ಎದುರಿನ ಮನೆಯಲ್ಲಿ ದಾಸವಾಳ ಯಾವಾಗ ಹಚ್ಚಿದರೋ, ನನಗೆ ಗೊತ್ತಿರಲಿಲ್ಲ.

ಅಕ್ಕ ಫೋನು ತೆಗೆದುಕೊಂಡಳು. "ನೀ ಯಾವಾಗ ಬರ್ತಿ?" ಎಂದಳು.

"ಸಂಕ್ರಾಂತಿ ಮುಗೀಲಿ. ಇವರ ಬೆಕ್ಕು ಇವರಿಗೆ ಕೊಟ್ಟು, ನಾಲ್ಕು ದಿನ ರಜಾ ಹಾಕಿ ಬಂದು ಓಯ್ತೀನಿ," ಎಂದೆ.

ಕೊಳ್ಳೇಗಾಲದವರಂತೆ ಓಯ್ತೀನಿ ಎಂದದ್ದಕ್ಕೆ ನಗುತ್ತಾಳೆ ಎಂದು ಕಾದೆ. ನಗಲಿಲ್ಲ. ಬಂದು ಹೋಗುತ್ತೇನೆ ಎಂದು ನಮ್ಮ ಮನೆಯಲ್ಲಿ ಇದುವರೆಗೆ ನೆಂಟರು ಮಾತ್ರ ಹೇಳಿದ್ದಾರೆ. ಅದು ನನಗೂ ಆಮೇಲೆ ಹೊಳೆಯಿತು, ಆದರೆ ಮಾತು ಆಗಲೇ ಧಾರವಾಡ ಮುಟ್ಟಿತ್ತು.

"ಹೂಂ," ಎಂದಳು ಅಕ್ಕ ಕೊನೆಗೆ. "ಮೊದಲ ಬಾ ನೀ. ಹೋಗೂದು ಆಮ್ಯಾಲ ನೋಡೋಣು."